ಅಟ್ಟದ ಓಲೆಗರಿ ಗಂಟು ಬಿಚ್ಚುವ ಮೊದಲು

ಸಾಗರದ ಹತ್ತಿರ ನಮ್ಮ ದೊಡ್ಡಮ್ಮನ ಮನೆ ಅಟ್ಟದಲ್ಲಿ ಒಂದು ಕೆಂಪು ಬಟ್ಟೆಯ ಗಂಟಿತ್ತು, ಒಳಗೆ ಬರೆದ ತಾಳೆಗರಿ. ನವರಾತ್ರಿಯಲ್ಲಿ ಕೆಳಗಿಳಿಸಿ ಕುಂಕುಮ ಹಚ್ಚುವುದು, ಮತ್ತೆ ಮೇಲಿಡುವುದು. ಅಷ್ಟೇ. "ಬಿಚ್ಚಬೇಡ ಮಾರಾಯ, ಸಾವಿರ ವರ್ಷದ ಮಂತ್ರ ಇದೆ. ಬಿಚ್ಚಿದವರ ಕಣ್ಣು ಹೋಗ್ತದಂತೆ" ಅನ್ನುತ್ತಿದ್ದರು. ಹೋದ ವರ್ಷ ನಾನು ಬಿಚ್ಚಿದೆ. ಕಣ್ಣಿಗೇನೂ ಆಗಿಲ್ಲ, ಕನ್ನಡಕ ಮೊದಲೇ ಇತ್ತು.

ನಿಮ್ಮ ಮನೆಯಲ್ಲೂ ಇಂಥ ಗಂಟಿದ್ದರೆ, ನಗುವ ಅವಸರ ಬೇಡ. ಮೂಡಬಿದಿರೆಯ ಬಸದಿಯಲ್ಲಿ ಧವಲಾ ಅನ್ನುವ ಹಳೇ ಜೈನ ಗ್ರಂಥಗಳು ನೂರಾರು ವರ್ಷ ಬರೀ ದರ್ಶನಕ್ಕಿದ್ದವು. ಜನ ಕೈಮುಗಿದು ಹೋಗುತ್ತಿದ್ದರು, ಓದುವವರಿರಲಿಲ್ಲ. ಗುಟ್ಟಾಗಿ ಪ್ರತಿ ಮಾಡಿ, ಕೊನೆಗೆ ಅಚ್ಚಾಗಲು ಶುರುವಾಗಿದ್ದು 1939ರಲ್ಲಿ. ಅಂದರೆ ಬಚ್ಚಿಟ್ಟ ಗ್ರಂಥ ಅನ್ನೋದು ಎಲ್ಲ ಸಲವೂ ಕಟ್ಟುಕಥೆಯಲ್ಲ.

ಆದರೆ ಒಂದು ಪ್ರಶ್ನೆ ಕೇಳಲೇಬೇಕು: ಗರಿಯನ್ನು ಯಾರಾದರೂ ನೋಡಿದ್ದಾರಾ? ಕೌಟಿಲ್ಯನ ಅರ್ಥಶಾಸ್ತ್ರದ ಗರಿ 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಶಾಮಶಾಸ್ತ್ರಿಗಳ ಕೈಗೆ ಬಂತು. 1909ರಲ್ಲಿ ಅಚ್ಚಾಯಿತು. ಅನುಮಾನ ಇದ್ದವರು ಹೋಗಿ ನೋಡಬಹುದಿತ್ತು. ಭರದ್ವಾಜ ಮುನಿಯದ್ದು ಅನ್ನುವ, ವಿಮಾನ ಕಟ್ಟುವುದನ್ನು ಹೇಳುವ ವೈಮಾನಿಕ ಶಾಸ್ತ್ರಕ್ಕೆ ಅಂಥ ಗರಿಯೇ ಇಲ್ಲ. ಸುಬ್ಬರಾಯ ಶಾಸ್ತ್ರಿಗಳು ಹೇಳಿದ್ದನ್ನು ಇನ್ನೊಬ್ಬರು ಬರೆದುಕೊಂಡದ್ದು ಅದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1974ರಲ್ಲಿ ಭಾಷೆ, ಚಿತ್ರ ಎಲ್ಲ ಪರೀಕ್ಷಿಸಿ, ಇದು 20ನೇ ಶತಮಾನದ ಶುರುವಿನದು, ಈ ವಿಮಾನ ಹಾರುವುದಿಲ್ಲ ಅಂದರು. ವಾಟ್ಸಾಪ್‌ನಲ್ಲಿ ಮಾತ್ರ ಈಗಲೂ ಹಾರುತ್ತಿದೆ.

ಇನ್ನು ಗಂಟು. ಮಳೆಗಾಲದಲ್ಲಿ ಬಿಚ್ಚಬೇಡಿ, ಫ್ಯಾನ್ ಹಾಕಬೇಡಿ. ಚಾಪೆ ಮೇಲೆ ಬಿಳಿ ಪಂಚೆ ಹಾಸಿ, ಪುಡಿ ಉದುರಿದರೆ ಕಾಣುತ್ತದೆ. ದಾರ ಕತ್ತರಿಸಬೇಡಿ. ಗರಿಗಳ ಸಾಲು ತಪ್ಪದಂತೆ ಹಿಡಿದಿರುವುದು ಅದೊಂದೇ. ಅಂಟಿಕೊಂಡ ಗರಿಗಳನ್ನು ಎಳೆದರೆ ಹಪ್ಪಳದ ಹಾಗೆ ಮುರಿಯುತ್ತವೆ. ನಾನೇ ಒಂದನ್ನು ಮುರಿದೆ. "ಟಪ್" ಅಂದ ಸದ್ದು ಇನ್ನೂ ಕಿವಿಯಲ್ಲಿದೆ. ಕೊಬ್ಬರಿ ಎಣ್ಣೆ, ಸೀಮೆಎಣ್ಣೆ ಅಂತ ಮನೆಮದ್ದು ಬೇಡ. ಎಣ್ಣೆ ಹಚ್ಚುವುದು ಬಲ್ಲವರ ಕೆಲಸ.

ಗರಿ ಖಾಲಿ ಕಂಡರೆ ಖಾಲಿ ಅಂದುಕೊಳ್ಳಬೇಡಿ. ಅಕ್ಷರವನ್ನು ಕಂಟ ಅನ್ನುವ ಚೂಪು ಕಬ್ಬಿಣದ ಕಡ್ಡಿಯಿಂದ ಕೊರೆದು, ಆಮೇಲೆ ಮಸಿ ತೀಡುತ್ತಿದ್ದರು. ಮಸಿ ಹೋದರೂ ಗೀರು ಇರುತ್ತದೆ. ಕೋಣೆ ಕತ್ತಲು ಮಾಡಿ, ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಅಕ್ಷರ ಒಂದೊಂದಾಗಿ ಎದ್ದು ಬರುತ್ತವೆ. ಪಕ್ಕದಲ್ಲೊಂದು ಸ್ಕೇಲ್ ಇಟ್ಟು, ಎರಡೂ ಮಗ್ಗುಲಿನ ಫೋಟೋ ತೆಗೆಯಿರಿ.

ಲಿಪಿ ನೋಡಿ ಭಾಷೆ ಹೇಳಬೇಡಿ. ಧವಲಾದ ಲಿಪಿ ಹಳಗನ್ನಡ, ಭಾಷೆ ಜಾಸ್ತಿ ಪ್ರಾಕೃತ. ನಮ್ಮ ಗಂಟು ತಿಗಳಾರಿ ಲಿಪಿಯಲ್ಲಿತ್ತು, ನೋಡಲು ಮಲಯಾಳಂ ಥರ. ಪರಿಚಯದ ಮೇಷ್ಟ್ರೊಬ್ಬರು ಓದಿಕೊಟ್ಟರು. ಅಂಥವರು ಸಿಗದಿದ್ದರೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲೋ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲೋ ಕೇಳಿ.

ಮೇಷ್ಟ್ರು ಮೊದಲು ತೆಗೆದದ್ದು ಕೊನೆಯ ಗರಿ. ಪ್ರತಿ ಮಾಡಿದವನು ತನ್ನ ಮಾತು ಬರೆಯುವುದು ಸಾಮಾನ್ಯವಾಗಿ ಅಲ್ಲೇ. ಬೆನ್ನು ಮುರಿದು, ತಲೆ ಬಗ್ಗಿಸಿ ಕಷ್ಟಪಟ್ಟು ಬರೆದಿದ್ದೇನೆ, ಜೋಪಾನ ಮಾಡಿ ಅನ್ನುವ ಹಳೇ ಶ್ಲೋಕ ಅಲ್ಲಿತ್ತು. ಕೆಳಗೆ ಪ್ರಭವ ಸಂವತ್ಸರ, ಶಕ 1789. ಶಕಕ್ಕೆ 78 ಕೂಡಿಸಿದರೆ 1867. ಬರೀ ಸಂವತ್ಸರ ಇದ್ದಿದ್ದರೆ ಕಷ್ಟ, ಅರವತ್ತು ವರ್ಷಕ್ಕೊಮ್ಮೆ ಪ್ರಭವ ಬರುತ್ತಲ್ವಾ? ಇದು ಪ್ರತಿ ಮಾಡಿದ ವರ್ಷ ಮಾತ್ರ, ಒಳಗಿನ ಮಾತು ಎಷ್ಟೋ ಹಳೆಯದಿರಬಹುದು.

ನಮ್ಮದರ ಒಳಗೆ ಅರ್ಧ ಪೂಜಾವಿಧಿ, ಇನ್ನರ್ಧ ಅಡಿಕೆ ಸಾಲದ ಲೆಕ್ಕ.

ದೊಡ್ಡಮ್ಮನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ನೆ ಇದ್ದು, "ಬಾಕಿ ಯಾರದ್ದು ಅಂತ ಬರೆದಿದೆಯಾ?" ಅಂದರು. ಬರೆದಿತ್ತು. ನಾನು ಹೇಳಲಿಲ್ಲ. ಆ ಮನೆಯವರು ಈಗಲೂ ಬೇಲಿ ಆಚೆಗೇ ಇದ್ದಾರೆ.