ಮೋಡದ ದಿನ ಮೊದಲು ನೀರು, ಆಮೇಲೆ ಬಾತು

ನವೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ ಎಂಬ ಸುದ್ದಿ ಬಂದರೆ ಮೈಸೂರಿನ ನನ್ನ ಛಾಯಾಗ್ರಾಹಕ ಗೆಳೆಯರು ಅಲಾರಂ ಆರಿಸಿ ಮಲಗುತ್ತಾರೆ. ನಾನು ಬ್ಯಾಟರಿಯನ್ನು ಚಾರ್ಜಿಗೆ ಹಾಕುತ್ತೇನೆ. ಬಿಸಿಲಿದ್ದರೆ ಒಂಬತ್ತು ಗಂಟೆಯ ಹೊತ್ತಿಗೆಲ್ಲ ನೀರಿನ ಮೇಲೆ ಕಾವು ಏಳುತ್ತದೆ, ದೂರದ ಹಕ್ಕಿಯ ಅಂಚುಗಳು ಕದಡುತ್ತವೆ, ಕ್ಯಾಮೆರಾ ಚೀಲ ಸೇರುತ್ತದೆ. ಮೋಡ ಕವಿದಿದ್ದರೆ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಯಲ್ಲಿ ಮಧ್ಯಾಹ್ನದವರೆಗೂ ನಿಶ್ಚಿಂತೆಯಿಂದ ಕೆಲಸ ಮಾಡಬಹುದು. ಹದಿನಾರಿಗೆ ಬರುವವರಲ್ಲಿ ಹೆಚ್ಚಿನವರು ಪಟ್ಟೆತಲೆಯ ಹೆಬ್ಬಾತುಗಳಿಗಾಗಿ ಬರುತ್ತಾರೆ. ನನ್ನ ಕಣ್ಣು ಮಾತ್ರ ಅವುಗಳ ಪಕ್ಕದಲ್ಲಿ ತೇಲುವ ಸಾಧಾರಣ ಬಾತುಗಳ ಮೇಲೆಯೇ ಇರುತ್ತದೆ.

ಮೋಡದ ಬೆಳಕು ಬಾತುಗಳಿಗೆ ಯಾಕೆ ಒಪ್ಪುತ್ತದೆ ಎಂದು ತಿಳಿಯಲು ಸಲಿಕೆಯಂಥ ಕೊಕ್ಕಿನ ಶವೆಲರ್ ಗಂಡನ್ನು ನೋಡಬೇಕು. ತಲೆ ಕಡುಹಸಿರು, ಎದೆ ಅಚ್ಚ ಬಿಳುಪು. ಬಿಸಿಲಿನಲ್ಲಿ ಎದೆಯನ್ನು ಉಳಿಸಿಕೊಂಡರೆ ತಲೆ ಕಪ್ಪಾಗುತ್ತದೆ, ತಲೆಯನ್ನು ಉಳಿಸಿಕೊಂಡರೆ ಎದೆಯ ಗರಿಗಳು ಸುಣ್ಣ ಬಳಿದ ಗೋಡೆಯಾಗುತ್ತವೆ. ಮೋಡದಡಿಯಲ್ಲಿ ಎರಡೂ ಒಂದೇ ಚೌಕಟ್ಟಿನಲ್ಲಿ ನಿಲ್ಲುತ್ತವೆ. ಆ ಹಸಿರಿನ ಮಿರುಗು ಸ್ವಲ್ಪ ಮಂಕಾಗುತ್ತದೆ ಎಂಬುದು ನಿಜ, ಏಕೆಂದರೆ ಅದು ಬೆಳಕು ಬೀಳುವ ಕೋನವನ್ನು ಅವಲಂಬಿಸಿದ ಬಣ್ಣ. ಆದರೆ ನವೆಂಬರಿನಲ್ಲಿ ಆ ಚಿಂತೆಯೂ ಇರುವುದಿಲ್ಲ. ಆಗ ತಾನೇ ಬಂದಿಳಿದ ವಲಸೆ ಗಂಡುಗಳಲ್ಲಿ ಬಹುಪಾಲು ಇನ್ನೂ ಹೆಣ್ಣಿನಂತೆ ಕಂದು ಗರಿಗಳಲ್ಲೇ ಇರುತ್ತವೆ, ಪೂರ್ಣ ಬಣ್ಣಕ್ಕೆ ಡಿಸೆಂಬರ್ ಕೊನೆಯವರೆಗೆ ಕಾಯಬೇಕು. ಹಾಗಾಗಿ ಆ ದಿನಗಳಲ್ಲಿ ನಾನು ವರ್ಷವಿಡೀ ಇಲ್ಲೇ ಇರುವ ವರಟೆ ಎಂಬ ಬಾತಿನ ಹಿಂದೆ ಬೀಳುತ್ತೇನೆ. ಮೈತುಂಬ ಹುರುಪೆಯಂಥ ಗರಿಗಳು, ಕಪ್ಪು ಕೊಕ್ಕಿನ ತುದಿಯಲ್ಲಿ ಹಳದಿ, ಬುಡದಲ್ಲಿ ಎರಡು ಕೆಂಪು ಚುಕ್ಕೆ. ನೆರಳಿಲ್ಲದ ಬೆಳಕಿನಲ್ಲಿ ಪ್ರತಿ ಗರಿಯ ಅಂಚೂ ಬೇರೆ ಬೇರೆಯಾಗಿ ಕಾಣುತ್ತದೆ.

ಇನ್ನು ನೀರಿನ ವಿಚಾರ. ನನ್ನ ಅನುಭವದಲ್ಲಿ ಮೋಡದ ದಿನದ ಚಿತ್ರಗಳು ಕೆಡುವುದು ಬಾತಿನಿಂದಲ್ಲ, ನೀರಿನಿಂದ. ಕೆರೆಗೆ ತನ್ನದೇ ಬಣ್ಣವೆಂಬುದು ಹೆಚ್ಚೇನೂ ಇಲ್ಲ, ಎದುರಿಗೆ ಏನಿದೆಯೋ ಅದರ ಬಣ್ಣವೇ ಅದರದು. ಏರಿಯ ಮೇಲೆ ನಿಂತು ನೋಡಿದರೆ ಹಕ್ಕಿಯ ಸುತ್ತಲಿನ ನೀರು ಆಕಾಶವನ್ನು ಪ್ರತಿಫಲಿಸುತ್ತದೆ, ಚಿತ್ರವೆಲ್ಲ ಬೂದಿಬಿಳಿ. ಏರಿ ಇಳಿದು ನೀರಂಚಿನಲ್ಲಿ ಮಲಗಿ ನೋಡಿದರೆ ಅದೇ ನೀರು ಎದುರು ದಡದ ತೆಂಗಿನ ಸಾಲನ್ನೋ ಜಾಲಿಯ ಪೊದೆಗಳನ್ನೋ ಹಿಡಿದುಕೊಳ್ಳುತ್ತದೆ, ಕಡುಹಸಿರಾಗುತ್ತದೆ. ಕಣ್ಣು ತಗ್ಗಿದಷ್ಟೂ ಪ್ರತಿಬಿಂಬ ಬರುವುದು ಆಕಾಶದಿಂದಲ್ಲ, ದಿಗಂತದ ಹತ್ತಿರದಿಂದ ಎಂಬುದೇ ಇದರ ಗುಟ್ಟು. ಆದ್ದರಿಂದ ಕೆರೆ ತಲುಪಿದ ಕೂಡಲೇ ನಾನು ಬಾತುಗಳನ್ನು ಹುಡುಕುವುದಿಲ್ಲ. ಕಪ್ಪು ನೀರು ಎಲ್ಲಿದೆ ಎಂದು ನೋಡಿ ಅದರ ಮುಂದೆ ಟಾರ್ಪಾಲಿನ್ ಹಾಸುತ್ತೇನೆ, ಮಸೂರವನ್ನು ಮರಳಿನ ಚೀಲದ ಮೇಲೆ ಇಡುತ್ತೇನೆ, ಅಲುಗಾಡದೆ ಬಿದ್ದುಕೊಳ್ಳುತ್ತೇನೆ. ಎಮ್ಮೆ ಮೇಯಿಸುವವರು ಬಂದು ಏನಾಯಿತು ಎಂದು ವಿಚಾರಿಸಿಕೊಂಡು ಹೋಗುವುದುಂಟು. ಪೋಲರೈಸರ್ ಫಿಲ್ಟರನ್ನು ಮನೆಯಲ್ಲೇ ಬಿಡುತ್ತೇನೆ. ನನಗೆ ಬೇಕಾದ ಪ್ರತಿಬಿಂಬವನ್ನೇ ಅಳಿಸುವ, ಮೇಲಾಗಿ ಒಂದಕ್ಕಿಂತ ಹೆಚ್ಚು ಸ್ಟಾಪ್ (ಒಂದು ಸ್ಟಾಪ್ ಕಡಿಮೆಯೆಂದರೆ ಬೆಳಕು ಅರ್ಧ) ಬೆಳಕನ್ನು ನುಂಗುವ ಸಾಧನ ಆ ದಿನಕ್ಕೆ ಬೇಡ.

ಸೂರ್ಯ ಎಲ್ಲಿದ್ದಾನೆ ಎಂಬ ಹಂಗು ಇಲ್ಲದಿರುವುದರಿಂದ ಜಾಗವನ್ನು ಗಾಳಿಯ ಲೆಕ್ಕದಲ್ಲಿ ಆರಿಸಬಹುದು. ಬಾತುಗಳು ಏಳುವುದೂ ಇಳಿಯುವುದೂ ಗಾಳಿಗೆ ಎದುರಾಗಿ, ವಿಶ್ರಾಂತಿಯಲ್ಲೂ ಸಾಮಾನ್ಯವಾಗಿ ಗಾಳಿಗೇ ಮುಖ. ಹಿಂಗಾರಿನಲ್ಲಿ ಗಾಳಿ ಈಶಾನ್ಯದಿಂದ ಬೀಸುತ್ತದೆ. ಗಾಳಿ ಬೆನ್ನಿಗೆ ಬರುವಂತೆ ಆ ದಡದಲ್ಲಿ ಮಲಗಿದರೆ ಇಳಿಯುವ ಹಿಂಡು ನೇರ ನನ್ನ ಕಡೆಗೇ ಬರುತ್ತದೆ.

ಲೆಕ್ಕ ಹೀಗಿದೆ. ಎಫ್ ಸಂಖ್ಯೆ ಮಸೂರದ ಕಿಂಡಿಯ ಅಳತೆ, ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು; ಐಎಸ್‌ಒ ಎಂದರೆ ಬೆಳಕಿಗೆ ಕ್ಯಾಮೆರಾ ತೋರುವ ಸೂಕ್ಷ್ಮತೆ. ಬಿಸಿಲಿಗೆ ಎಫ್ 16, ಶಟರ್ ವೇಗ ಐಎಸ್‌ಒ ಸಂಖ್ಯೆಗೆ ಸಮ (ಐಎಸ್‌ಒ 100 ಆದರೆ 1/100 ಸೆಕೆಂಡ್) ಎಂಬ ಹಳೆಯ ಸೂತ್ರ ಫಿಲ್ಮ್ ಕಾಲದವರಿಗೆ ಬಾಯಿಪಾಠ. ಅದರ ಪ್ರಕಾರ ಸಾಧಾರಣ ಮೋಡಕ್ಕೆ ಎಫ್ 8, ದಟ್ಟ ಮೋಡಕ್ಕೆ ಎಫ್ 5.6. ನನ್ನದು 600 ಮಿಲಿಮೀಟರಿನಲ್ಲಿ ಎಫ್ 6.3ಕ್ಕಿಂತ ಹೆಚ್ಚು ತೆರೆಯದ ಜೂಮ್ ಮಸೂರ. ದಟ್ಟ ಮೋಡದಲ್ಲಿ 1/1250 ಸೆಕೆಂಡ್ ಬೇಕೆಂದರೆ ಐಎಸ್‌ಒ 1600, ಹಾರಾಟಕ್ಕೆ 1/2500 ಬೇಕೆಂದರೆ 3200. ಮುಂಜಾನೆಯಾದರೆ ಇನ್ನೂ ಏರಿಸಬೇಕು. ಏರಿಸಲು ನಾನು ಹೆದರುವುದಿಲ್ಲ. ಕಡಿಮೆ ಐಎಸ್‌ಒದಲ್ಲಿ ಕತ್ತಲೆಯಾಗಿ ತೆಗೆದು ಮನೆಯಲ್ಲಿ ಬೆಳಗಿಸಿದ ಚಿತ್ರ, ಹೆಚ್ಚಿನ ಐಎಸ್‌ಒದಲ್ಲಿ ಸರಿಯಾಗಿ ತೆಗೆದದ್ದಕ್ಕಿಂತ ಸ್ವಚ್ಛವಾಗಿರುವುದು ಅಪರೂಪ. ಸುಮ್ಮನೆ ಈಜುವ ಹಕ್ಕಿಗೆ 1/500 ಸಾಕು.

ಕ್ಯಾಮೆರಾದೊಳಗಿನ ಬೆಳಕಿನ ಮೀಟರು ಬಿಳಿ ನೀರನ್ನು ಕಂಡರೆ ಚಿತ್ರವನ್ನು ಕಪ್ಪಾಗಿಸುತ್ತದೆ. ಬೂದುಬಣ್ಣದ ನೀರಿನಲ್ಲಿರುವ ವರಟೆಗೆ ಮುಕ್ಕಾಲು ಸ್ಟಾಪಿನಷ್ಟು, ಬರಿ ಮೋಡದ ಹಿನ್ನೆಲೆಯಲ್ಲಿ ಹಾರುವಾಗ ಒಂದೂವರೆ ಸ್ಟಾಪಿನಷ್ಟು ಬೆಳಕನ್ನು ಹೆಚ್ಚಿಸುತ್ತೇನೆ. ಅದೇ ವರಟೆ ತೆಂಗಿನ ಪ್ರತಿಬಿಂಬದೊಳಗೆ ನುಸುಳಿದ ತಕ್ಷಣ ಲೆಕ್ಕ ತಲೆಕೆಳಗಾಗುತ್ತದೆ. ಆದ್ದರಿಂದ ಮ್ಯಾನ್ಯುವಲ್ ವಿಧಾನವೇ ಸಲೀಸು: ಮೋಡದ ಬೆಳಕು ಗಂಟೆಗಟ್ಟಲೆ ಹೆಚ್ಚು ಬದಲಾಗದಿದ್ದರೆ ಒಮ್ಮೆ ಹಿಸ್ಟೋಗ್ರಾಮ್ (ಚಿತ್ರದ ಕಪ್ಪು-ಬಿಳುಪಿನ ಹಂಚಿಕೆ ತೋರುವ ನಕ್ಷೆ) ನೋಡಿ ಲೆಕ್ಕವನ್ನು ಕಟ್ಟಿಹಾಕಿದರೆ ಮುಗಿಯಿತು. ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ವೈಟ್ ಬ್ಯಾಲೆನ್ಸ್ ಬಗ್ಗೆ ಹೇಳುವುದು ಅಷ್ಟೇನಿಲ್ಲ, ಸಂಸ್ಕರಿಸದ ರಾ ಕಡತದಲ್ಲಿ ತೆಗೆದು ಆಮೇಲೆ 6000 ಕೆಲ್ವಿನ್ ಆಸುಪಾಸಿಗೆ ತಂದರೆ ನೀಲಿ ಛಾಯೆ ಹೋಗುತ್ತದೆ.

ತೊಂದರೆ ಕೊಡುವುದು ಕಣ್ಣು. ವರಟೆಯ ಕಣ್ಣಿನ ಮೇಲೆಯೇ ಕಪ್ಪು ಪಟ್ಟಿ ಹಾದುಹೋಗುತ್ತದೆ. ಮಂಕು ಬೆಳಕಿನಲ್ಲಿ ಕಣ್ಣು ಅದರೊಳಗೆ ಮುಳುಗಿಬಿಡುತ್ತದೆ, ಕ್ಯಾಮೆರಾದ ಕಣ್ಣು ಗುರುತಿಸುವ ವ್ಯವಸ್ಥೆಯೂ ತಡಕಾಡುತ್ತದೆ. ಆಗ ಒಂದೇ ಫೋಕಸ್ ಬಿಂದುವನ್ನು ಕೊಕ್ಕಿನ ಬುಡದ ಕೆಂಪು ಚುಕ್ಕೆಯ ಮೇಲೆ ಇಡುತ್ತೇನೆ. ಆಕಾಶದಲ್ಲಿ ಗಿಡುಗವೇನಾದರೂ ಇದೆಯೇ ಎಂದು ಹಕ್ಕಿ ತಲೆ ಓರೆ ಮಾಡಿದಾಗ ಕಣ್ಣಿನಲ್ಲಿ ಆಕಾಶದ ಬಿಳಿ ತುಣುಕು ಮೂಡುತ್ತದೆ. ಶಟರ್ ಒತ್ತುವುದು ಆಗಲೇ.

ಹಾರಾಟದ ಚಿತ್ರಕ್ಕೆಂದು ಕಲ್ಲೆಸೆಯುವವರನ್ನು, ಚಪ್ಪಾಳೆ ತಟ್ಟುವವರನ್ನು ನೋಡಿದ್ದೇನೆ, ಅಂಥವರ ಜೊತೆ ಜಗಳವನ್ನೂ ಆಡಿದ್ದೇನೆ. ಮಧ್ಯ ಏಷ್ಯಾದಿಂದ ಹಾರಿ ಬಂದು ಮೈ ತುಂಬಿಸಿಕೊಳ್ಳುತ್ತಿರುವ ಸೂಜಿಬಾಲದ ಬಾತನ್ನು ಒಂದು ಚಿತ್ರಕ್ಕಾಗಿ ಎಬ್ಬಿಸುವುದು ಕೀಳು ಕೆಲಸ, ಅದರಿಂದ ಸಿಗುವುದೂ ಬೆನ್ನು ತೋರಿಸಿ ಓಡುವ ಹಕ್ಕಿಗಳ ಚಿತ್ರ. ಜೌಗಿನ ಮೇಲೆ ತಗ್ಗಿ ಹಾರುವ ಗಿಡುಗವೊಂದು ಬಂದರೆ ಹಿಂಡು ತಾನಾಗಿಯೇ ಏಳುತ್ತದೆ. ನಾಮದ ಕೋಳಿ ನೀರ ಮೇಲೆ ಓಡಿ ಓಡಿ ಏಳುತ್ತದೆ. ಸೂಜಿಬಾಲ, ಬಿಳಿಹುಬ್ಬು, ವರಟೆ ಬಾತುಗಳಿಗೆ ಆ ಓಟ ಬೇಕಿಲ್ಲ, ನಿಂತಲ್ಲಿಂದಲೇ ನೆಗೆಯುತ್ತವೆ. ಹಾಗಾಗಿ ಚೌಕಟ್ಟಿನಲ್ಲಿ ಮೇಲ್ಗಡೆ ಜಾಗ ಬಿಟ್ಟುಕೊಂಡಿರಬೇಕು.

ಜಡಿ ಹಿಡಿದರೂ ನಾನು ಏಳುವುದಿಲ್ಲ, ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಹೊದಿಸುತ್ತೇನೆ. ಹನಿಗಳು ಗೆರೆಗಳಾಗಿ ಕಾಣಬೇಕಾದರೆ ವೇಗವನ್ನು 1/200ಕ್ಕೆ ಇಳಿಸಬೇಕು, ಹಿನ್ನೆಲೆ ಕಪ್ಪಾಗಿರಬೇಕು. ಬಿಳಿ ನೀರಿನ ಮುಂದೆ ಮಳೆ ಕಾಣುವುದೇ ಇಲ್ಲ. ಮಳೆ ನಿಂತ ಮೇಲೆ ಬಾತುಗಳು ಗರಿ ತೀಡಿಕೊಳ್ಳಲು ತೊಡಗುತ್ತವೆ. ತಲೆಯನ್ನು ಮೇಲಿಂದ ಮೇಲೆ ನೀರಿಗದ್ದಿ ಬೆನ್ನ ಮೇಲೆ ನೀರು ಎರಚಿಕೊಳ್ಳುತ್ತಿರುವ ಹಕ್ಕಿಯನ್ನು ಆರಿಸಿಕೊಂಡು ಕಾದರೆ, ಸ್ನಾನ ಮುಗಿದ ಮೇಲೆ ಅದು ಬಹುತೇಕ ಮೈ ಎತ್ತಿ ಎರಡೂ ರೆಕ್ಕೆ ಬಡಿಯುತ್ತದೆ. ಅದಕ್ಕೆ ಮೊದಲೇ ವೇಗವನ್ನು 1/1600ಕ್ಕೆ ಏರಿಸಿ, ಜೂಮನ್ನು 600ರಿಂದ 450ಕ್ಕೆ ಇಳಿಸಿಕೊಂಡಿರುತ್ತೇನೆ. ಇಲ್ಲದಿದ್ದರೆ ರೆಕ್ಕೆಗಳ ತುದಿ ಚೌಕಟ್ಟಿನಿಂದ ಹೊರಗೆ ಉಳಿಯುತ್ತದೆ.