ಹೆಣ್ಣುನಾಯಿಗೆ ಸಂತಾನಹರಣ ಮಾಡಿಸುವವರಿಗೆ

ಕೋಲಾರದ ಗೆಳೆಯರೇ, ಕಳೆದ ತಿಂಗಳು ನಮ್ಮ ಗೌರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದೆವು. ಮೊದಲ ಸಲ ಹೋದವರು ಹಾಗೆಯೇ ಹಿಂದಿರುಗಬೇಕಾಯಿತು. ಹಸಿದ ಮುಖ ನೋಡಲಾರದೆ ಅಜ್ಜಿ ಬೆಳಗ್ಗೆ ಒಂದು ತುತ್ತು ರಾಗಿಮುದ್ದೆ ತಿನ್ನಿಸಿಬಿಟ್ಟಿದ್ದರು. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಹಿಂದಿನ ರಾತ್ರಿಯ ಊಟದ ನಂತರ ಏನೂ ಕೊಡಬೇಡಿ, ಮನೆಯಲ್ಲಿ ಎಲ್ಲರಿಗೂ ಹೇಳಿಡಿ. ನೀರು ಯಾವಾಗ ನಿಲ್ಲಿಸಬೇಕೆಂದು ವೈದ್ಯರನ್ನೇ ಕೇಳಿ. ಚಿಕ್ಕ ಮರಿಗಳಿಗೆ ಇಷ್ಟು ದೀರ್ಘ ಉಪವಾಸ ಸಲ್ಲದು.

ಬೆದೆಯಲ್ಲಿರುವಾಗ ಶಸ್ತ್ರಚಿಕಿತ್ಸೆ ಮಾಡಿಸಿದರೆ ರಕ್ತಸ್ರಾವದ ಅಪಾಯ ಹೆಚ್ಚು. ಅದು ಮುಗಿದು ಎರಡು ಮೂರು ತಿಂಗಳು ಕಳೆಯಲಿ. ಸ್ನಾನ ಎರಡು ದಿನ ಮೊದಲೇ ಆಗಲಿ, ಆಮೇಲೆ 10–14 ದಿನ ಹೊಲಿಗೆಗೆ ನೀರು ತಾಗಿಸುವಂತಿಲ್ಲ.

ಮನೆಗೆ ಬಂದ ರಾತ್ರಿ ಗೌರಿಯ ಕಾಲುಗಳು ಮಗುವಿನ ಕಾಲಿನಂತೆ ತಡವರಿಸುತ್ತಿದ್ದವು, ಮೈ ನಡುಗುತ್ತಿತ್ತು. ಹಳೆಯ ಕಂಬಳಿ ಹಾಸಿ ನೆಲದ ಮೇಲೆಯೇ ಮಲಗಿಸಿ ಪಕ್ಕದಲ್ಲೇ ಕುಳಿತೆ. ಮಂಚ ಬೇಡ, ಅಮಲಿನಲ್ಲಿ ಬಿದ್ದುಬಿಡುತ್ತವೆ. ಗಾಯ ನೆಕ್ಕದಂತೆ ಕೊರಳಿಗೆ ಹಾಕುವ ಕೋನ್ ಅನ್ನು ಕನಿಕರಪಟ್ಟು ತೆಗೆಯಬೇಡಿ. ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮಾತ್ರೆಗಳನ್ನು ಕೊಡಲೇಬೇಡಿ, ನಾಯಿಗೆ ಅವು ವಿಷವಾಗಬಹುದು. ತುಟಿ ಎತ್ತಿ ವಸಡು ನೋಡಿ: ಗುಲಾಬಿ ಬಣ್ಣವಿರಬೇಕು. ಬಿಳಿಚಿಕೊಂಡಿದ್ದರೆ ಅಥವಾ ಗಾಯದಿಂದ ರಕ್ತ ತೊಟ್ಟಿಕ್ಕುತ್ತಿದ್ದರೆ ಬೆಳಗಾಗುವವರೆಗೆ ಕಾಯದೆ ವೈದ್ಯರಿಗೆ ಫೋನ್ ಮಾಡಿ.

ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆಯಿಂದ ಪಕ್ಕದ ಬೀದಿಯ ನಾಯಿಯೊಂದು ನರಳಿದ್ದನ್ನು ನೋಡಿದ್ದೆ. ಗೌರಿಗೆ ಇನ್ನು ಆ ಭಯವಿಲ್ಲ.