ತೋಟದ ಮಳೆ ಲೆಕ್ಕಕ್ಕೆ ಎಐ ಕೈಲಿ ಪ್ರೋಗ್ರಾಂ ಬರೆಸೋದು ಹೇಗೆ

ಹಾಸನ ಚಿಕ್ಕಮಗಳೂರು ಕಡೆ ಕೋಡಿಂಗ್ ಕಲೀತಿರೋ ಹುಡುಗ್ರು, ಹುಡುಗೀರು ಈಗ ಜಾಸ್ತಿ ಕೇಳೋದು ಒಂದೇ ಪ್ರಶ್ನೆ, ಎಐ ಎಲ್ಲಾ ಬರ್ಕೊಡುತ್ತೆ ಅಂದ್ಮೇಲೆ ನಾವು ಕಲಿಯೋದಾದ್ರೂ ಏನು ಅಂತ. ಟೈಪ್ ಮಾಡೋ ಕೆಲಸ ಬಹಳ ಮಟ್ಟಿಗೆ ಕಮ್ಮಿ ಆಗಿದೆ, ನಿಜ. ಆದ್ರೆ ಯಾವ ಉತ್ತರ ಸರಿ ಅಂತ ಮೊದ್ಲೇ ತಿಳ್ಕೊಂಡಿರೋ ಕೆಲಸ ಪೂರ್ತಿ ನಮ್ಮ ತಲೆ ಮೇಲೇ ಬಿದ್ದಿದೆ. ಬರೀ ಮಾತಲ್ಲಿ ಹೇಳಿದ್ರೆ ಇದು ಮನಸ್ಸಿಗೆ ಹತ್ತಲ್ಲ, ಅದಕ್ಕೇ ನಮ್ ಕಡೆದೇ ಒಂದು ಸಣ್ಣ ಕೆಲಸ ತಗೊಂಡು ಮಾಡಿ ನೋಡೋಣ, ಕಾಫಿ ತೋಟದ ಮಳೆ ಪುಸ್ತಕ.

ಮೂಡಿಗೆರೆ, ಸಕಲೇಶಪುರ, ಆಲ್ದೂರು ಕಡೆ ತೋಟದವರ ಮನೇಲಿ ಮಳೆ ಬರೆದಿಡೋ ಪುಸ್ತಕ ಇರುತ್ತೆ. ರೈನ್ ಗೇಜ್ ನೋಡಿ ಇಂಚು ಸೆಂಟಲ್ಲಿ ಬರೀತಾರೆ, 100 ಸೆಂಟ್ ಅಂದ್ರೆ 1 ಇಂಚು, 1 ಇಂಚು ಅಂದ್ರೆ 25.4 ಮಿಲಿಮೀಟರ್. ಅದನ್ನ ಎಕ್ಸೆಲ್‌ಗೆ ಏರಿಸಿಯಾಗಿದೆ ಅಂದ್ಕೊಳ್ಳಿ. ತಿಂಗಳ ಮೊತ್ತ ಮಿಲಿಮೀಟರಲ್ಲಿ ಬೇಕು, ಹೂ ಮಳೆ, ಅಂದ್ರೆ ಕಾಫಿ ಹೂ ಬಿಡಿಸೋ ಮಳೆ ಯಾವತ್ತು ಬಂತು, ಅದಾಗಿ ಎಷ್ಟು ದಿನಕ್ಕೆ ಬ್ಯಾಕಿಂಗ್ ಮಳೆ, ಅಂದ್ರೆ ಆ ಹೂ ಕಾಯಿ ಕಟ್ಟೋಕೆ ಬೇಕಾದ ಮುಂದಿನ ಮಳೆ ಬಂತು ಅನ್ನೋದೂ ಬೇಕು.

ಇಷ್ಟನ್ನೇ ಎಐಗೆ ಹೇಳಿದ್ರೆ ಒಂದು ನಿಮಿಷ ಕಾಯೋ ಮುಂಚೆ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೇಲಿ ಕೋಡ್ ಕೈಗೆ ಬರುತ್ತೆ, ರನ್ನೂ ಆಗುತ್ತೆ, ಗ್ರಾಫೂ ಬರುತ್ತೆ, ನೋಡೋಕೆ ಎಲ್ಲಾ ಚೆನ್ನಾಗೇ ಇರುತ್ತೆ. ಇಲ್ಲೇ ನಿಲ್ಲಬೇಕು. ಕೋಡ್ ಓದೋ ಮೊದ್ಲು ಆ ಪುಸ್ತಕ ಬರೆಯೋರ ಹತ್ರ ಹೋಗಿ ಕೂತ್ಕೊಳ್ಳಿ, ಅವರಿಗೆ ಗೊತ್ತಿರೋದು ಯಾವ ಎಐ ಮಾಡೆಲ್‌ಗೂ ಗೊತ್ತಿಲ್ಲ.

ಮೊದಲ್ನೇದು, ಪುಸ್ತಕದಲ್ಲಿ 1.5 ಅಂತ ಇದೆ. ಅದು ಒಂದೂವರೆ ಇಂಚಾ, ಇಲ್ಲಾ 1 ಇಂಚು 5 ಸೆಂಟಾ? ಒಂದೂವರೆ ಆದ್ರೆ 38.1 ಮಿಲಿಮೀಟರ್, 1 ಇಂಚು 5 ಸೆಂಟ್ ಆದ್ರೆ 26.67. ಎಐ ಅದನ್ನ ದಶಮಾಂಶ ಅಂತಾನೇ ಓದುತ್ತೆ, ಬೇರೆ ಥರ ಓದೋಕೆ ಅದಕ್ಕೆ ಕಾರಣಾನೇ ಇಲ್ಲ. ಬರೀ 80 ಅಂತ ಬರೆದಿದ್ರೆ 80 ಸೆಂಟ್ ಅಂತ ತೋಟದವರಿಗೆ ಗೊತ್ತು, ಕೋಡ್‌ಗೆ ಅದು 80 ಇಂಚು.

ಎರಡ್ನೇದು ತಾರೀಕು, ಇದು ಇನ್ನೂ ಕಷ್ಟ. 03/04/2024 ಅಂದ್ರೆ ನಮಗೆ ಏಪ್ರಿಲ್ 3. ಪೈಥಾನಿನಲ್ಲಿ ಇಂಥ ಪಟ್ಟಿ ಓದೋಕೆ ಬಳಸೋ ಪಾಂಡಾಸ್ ಲೈಬ್ರರಿ (ಬೇರೆಯವರು ಬರೆದಿಟ್ಟ ರೆಡಿ ಕೋಡ್), ನಾವು ಏನೂ ಹೇಳದೇ ಇದ್ರೆ ತಿಂಗಳನ್ನ ಮೊದಲು ಓದುತ್ತೆ, ಹಾಗಾಗಿ ಅದು ಮಾರ್ಚ್ 4 ಆಗ್ಬಿಡುತ್ತೆ. 2023ರಲ್ಲಿ ಬಂದ 2.0 ವರ್ಷನ್‌ನಿಂದ ಮೊದಲ ಸಾಲಿನ ತಾರೀಕು ನೋಡಿ ಫಾರ್ಮ್ಯಾಟ್ ತೀರ್ಮಾನ ಮಾಡುತ್ತೆ, ಮುಂದೆ ಎಲ್ಲಾದ್ರೂ 13/04 ಸಿಕ್ರೆ ಎರರ್ ಕೊಡುತ್ತೆ, ಆದ್ರೆ ಫೈಲಲ್ಲಿ ಇರೋ ತಾರೀಕೆಲ್ಲಾ 12ರ ಒಳಗೇ ಇದ್ರೆ ಸದ್ದಿಲ್ಲದೆ ತಪ್ಪು ಲೆಕ್ಕ ಬರುತ್ತೆ. ಅರೇಬಿಕಾಗೆ ಹೂ ಮಳೆ ಬರೋದೇ ಮಾರ್ಚ್ ಏಪ್ರಿಲಲ್ಲಿ, ಅಲ್ಲೇ ತಿಂಗಳು ಅದಲು ಬದಲಾದ್ರೆ ಇಡೀ ಪ್ರೋಗ್ರಾಂ ಇದ್ದೂ ಇಲ್ಲದ ಹಾಗೆ. ದಿನಾನ ಮೊದಲು ಓದು ಅಂತ ಹೇಳೋ ಡೇಫರ್ಸ್ಟ್ ಅನ್ನೋ ಆಪ್ಷನ್ ಇದೆ, ಅದಕ್ಕಿಂತ ಫಾರ್ಮ್ಯಾಟನ್ನೇ ಪೂರ್ತಿ ಬರೆದುಕೊಡೋದು ಉತ್ತಮ.

ಮೂರ್ನೇದು ಖಾಲಿ ಜಾಗ. ಆವತ್ತು ಮಳೆ ಇಲ್ವೋ, ಇಲ್ಲಾ ಯಾರೂ ಗೇಜ್ ನೋಡಿಲ್ವೋ? ಎಐ ಬರೆಯೋ ಕೋಡಲ್ಲಿ ಖಾಲಿ ಇರೋ ಕಡೆಯೆಲ್ಲಾ ಸೊನ್ನೆ ತುಂಬೋದು ಮಾಮೂಲಿ. ಜುಲೈಲಿ ಮನೆಯವರು ನಾಕು ದಿನ ಊರಲ್ಲಿ ಇಲ್ಲದೇ ಇದ್ರೆ, ನಾಕು ದಿನ ಮಳೆನೇ ಬರಲಿಲ್ಲ ಅಂತ ಲೆಕ್ಕ ಹೇಳುತ್ತೆ. ಇನ್ನೊಂದು, ಬೆಳಿಗ್ಗೆ ಅಳೆದ ಮಳೆನ ಆವತ್ತಿನ ತಾರೀಕಿಗೆ ಬರೀತಾರಾ ಹಿಂದಿನ ದಿನಕ್ಕೆ ಬರೀತಾರಾ ಅಂತ ಕೇಳ್ಕೊಳ್ಳಿ, ತಿಂಗಳ ಕೊನೇಲಿ ಇದು ವ್ಯತ್ಯಾಸ ಮಾಡುತ್ತೆ.

ಹೂ ಮಳೆ ಅಂದ್ರೆ ಎಷ್ಟು ಸೆಂಟಿಂದ ಮೇಲೆ ಅನ್ನೋದನ್ನೂ ಅವರ ಬಾಯಿಂದಾನೇ ಕೇಳಿ. ಅರೇಬಿಕಾಗೂ ರೋಬಸ್ಟಾಗೂ ಬೇರೆ ಬೇರೆ, ಜೊತೆಗೆ ರೋಬಸ್ಟಾಗೆ ಸ್ಪ್ರಿಂಕ್ಲರ್ ಹೊಡೆದು ಹೂ ಬಿಡಿಸಿದ್ರೆ ಆ ಹೂವಿಗೆ ಮಳೆ ಪುಸ್ತಕದಲ್ಲಿ ಗುರುತೇ ಇರಲ್ಲ. ಎಐ ಹತ್ರ ಕೇಳಿದ್ರೆ ಯಾವುದೋ ಒಂದು ಸಂಖ್ಯೆ ಹಿಡಿದು ಬರೆದುಬಿಡುತ್ತೆ, ಅದು ಎಲ್ಲಿಂದ ಬಂತು ಅಂತ ಕೋಡ್ ನೋಡಿದ್ರೂ ಗೊತ್ತಾಗಲ್ಲ.

ಕೇಳಿದ್ದೆಲ್ಲಾ ಕನ್ನಡದಲ್ಲೇ ಸಾದಾ ವಾಕ್ಯಗಳಲ್ಲಿ ಬರ್ಕೊಳ್ಳಿ. ಆಮೇಲೆ ಪುಸ್ತಕದಿಂದ ತೊಂದರೆ ಕೊಡೋ ಸಾಲುಗಳನ್ನೇ ಆರಿಸಿ ಕೈಲಿ ಲೆಕ್ಕ ಹಾಕಿ. 80 ಅಂದ್ರೆ 20.32, 1-20, ಅಂದ್ರೆ 1 ಇಂಚು 20 ಸೆಂಟ್, 30.48, 1-5 ಅಂದ್ರೆ 26.67, ಖಾಲಿ ಅಂದ್ರೆ ಅಳೆದಿಲ್ಲ. ಒಟ್ಟು 77.47 ಮಿಲಿಮೀಟರ್, ಜೊತೆಗೆ ಒಂದು ದಿನದ ಲೆಕ್ಕ ಇಲ್ಲ ಅನ್ನೋ ಎಚ್ಚರಿಕೆ. ಈ ಅರ್ಧ ಗಂಟೆ ಕೆಲಸಾನೇ ಈಗ ಪ್ರೋಗ್ರಾಮಿಂಗಿನ ತಿರುಳು ಅಂತ ನಾನು ನಂಬ್ತೀನಿ, ದಯವಿಟ್ಟು ಬಿಡಬೇಡಿ.

ಈಗ ಎಐ ತೆಗೀರಿ. ನಿಯಮ ಕೊಡಿ, ಸಾಲು ಕೊಡಿ, ಬರಬೇಕಾದ ಉತ್ತರ ಕೊಡಿ, ಕೊಟ್ಟು "ಈಗ್ಲೇ ಕೋಡ್ ಬೇಡ, ಮೊದಲು ನಿನಗೆ ಸ್ಪಷ್ಟ ಇಲ್ಲದೇ ಇರೋದನ್ನ ಕೇಳು" ಅನ್ನಿ. ಕನ್ನಡದಲ್ಲೇ ಕೇಳಬಹುದು, ಈಗಿನ ದೊಡ್ಡ ಮಾಡೆಲ್‌ಗಳಿಗೆ ನಮ್ಮ ಕಂಗ್ಲಿಷೂ ಅರ್ಥ ಆಗುತ್ತೆ. ಅದು ಕೇಳೋ ಪ್ರಶ್ನೆಗಳಲ್ಲಿ ನಿಮಗೆ ಹೊಳೆಯದೇ ಇದ್ದದ್ದೂ ಒಂದೆರಡು ಸಿಗುತ್ತೆ, ಅದನ್ನ ತಗೊಂಡು ವಾಪಸ್ ತೋಟದವರ ಹತ್ರ ಹೋಗಿ. ಆಮೇಲೆ ನಿಮ್ಮ ಉತ್ತರಗಳಿಗೆ ಟೆಸ್ಟ್ ಬರೆಸಿ, ಅಂದ್ರೆ ಕೋಡ್ ಕೊಡೋ ಉತ್ತರ ನಿಮ್ಮ ಉತ್ತರಕ್ಕೆ ಹೊಂದುತ್ತಾ ಅಂತ ನೋಡೋ ಸಣ್ಣ ಕೋಡ್, ಆಮೇಲಷ್ಟೇ ಕೋಡು. ಒಂದೊಂದು ಸಣ್ಣ ಹೆಜ್ಜೆಗೂ ಕೋಡಿನ ಬದಲಾವಣೆ ಉಳಿಸಿಡೋ ಗಿಟ್ ಅನ್ನೋ ಟೂಲಲ್ಲಿ ಕಮಿಟ್ ಮಾಡಿ, ಕೆಟ್ಟರೆ ಹಿಂದಕ್ಕೆ ಹೋಗೋಕೆ ದಾರಿ ಇರಲಿ.

ತಾನೇ ಫೈಲ್ ತೆಗೆದು ಬದಲಾಯಿಸೋ ಏಜೆಂಟ್ ಟೂಲ್ ಬಳಸ್ತಿದ್ರೆ ಟೆಸ್ಟ್ ಫೈಲ್ ಮುಟ್ಟಬೇಡ ಅಂತ ಹೇಳಿ. ಟೆಸ್ಟ್ ಪಾಸ್ ಆಗಲಿಲ್ಲ ಅಂದ್ರೆ ಕೆಲವೊಮ್ಮೆ ಕೋಡ್ ಬಿಟ್ಟು ಟೆಸ್ಟನ್ನೇ ತಿದ್ದಿಬಿಡುತ್ತೆ, ಹೇಳಿದ ಮೇಲೂ ಏನೇನು ಬದಲಾಗಿದೆ ಅಂತ ಪ್ರತಿ ಸಲ ನೋಡ್ಲೇಬೇಕು. ಟೆಸ್ಟಿಗೆ ನಿಜವಾಗ್ಲೂ ಕಣ್ಣಿದೆಯಾ ಅಂತ ನೋಡೋಕೆ ಸುಲಭದ ಉಪಾಯ ಒಂದಿದೆ, ಕೋಡಲ್ಲಿರೋ 25.4 ತೆಗೆದು 25 ಹಾಕಿ ಓಡಿಸಿ, ಆಗ ಟೆಸ್ಟ್ ಫೇಲ್ ಆಗಬೇಕು. ಆಗಲಿಲ್ಲ ಅಂದ್ರೆ ಆ ಟೆಸ್ಟ್ ಏನೂ ಕಾಯ್ತಿಲ್ಲ.

ಎಐ ಹೊಸ ಲೈಬ್ರರಿ ಹೆಸರು ಹೇಳಿದ್ರೆ, ಪಿಪ್ ಇನ್‌ಸ್ಟಾಲ್ ಹೊಡೆದು ಅದನ್ನ ಇಳಿಸಿಕೊಳ್ಳೋ ಮೊದಲು ಅದು ಇದೆಯಾ, ಯಾರು ಮಾಡಿದ್ದು ಅಂತ ನೋಡಿ. ಮಾಡೆಲ್‌ಗಳು ಇಲ್ಲದೇ ಇರೋ ಪ್ಯಾಕೇಜ್ ಹೆಸರನ್ನ ಹುಟ್ಟಿಸಿ ಹೇಳೋದುಂಟು, ಆ ಹೆಸರಲ್ಲಿ ಕೆಟ್ಟ ಕೋಡ್ ಹಾಕಿ ಕಾಯೋರೂ ಇರಬಹುದು. ಮಳೆ ಲೆಕ್ಕ ಯಾರ ಹತ್ರ ಹೋದ್ರೂ ತೊಂದರೆ ಇಲ್ಲ, ಆದ್ರೆ ಇದೇ ಥರ ಕೂಲಿ ಲೆಕ್ಕ ಮಾಡೋಕೆ ಹೊರಟಾಗ ಆಳುಗಳ ಆಧಾರ್ ನಂಬರು, ಬ್ಯಾಂಕ್ ಅಕೌಂಟು, ಫೋನು ಯಾವುದನ್ನೂ ಚಾಟ್‌ಗೆ ಹಾಕಬೇಡಿ, ಸುಳ್ಳು ಹೆಸರಿನ ಹತ್ತು ಸಾಲು ಮಾಡಿಕೊಟ್ರೆ ಸಾಕು.

ಇಷ್ಟೆಲ್ಲಾ ಮಾಡಿದ್ರೆ ಎಐ ಇದ್ದು ಟೈಮ್ ಏನು ಉಳೀತು ಅಂತ ಕೇಳ್ತೀರ. ನ್ಯಾಯವಾದ ಪ್ರಶ್ನೆ. 2025ರ ಜುಲೈಲಿ ಎಐ ಮಾಡೆಲ್‌ಗಳನ್ನ ಪರೀಕ್ಷೆ ಮಾಡೋ ಮೆಟ್ರ್ (METR) ಅನ್ನೋ ಸಂಸ್ಥೆ ಒಂದು ಅಧ್ಯಯನ ಹೊರಗೆ ಬಿಡ್ತು, 16 ಜನ ಅನುಭವಿ ಓಪನ್ ಸೋರ್ಸ್ (ಯಾರು ಬೇಕಾದ್ರೂ ನೋಡಬಹುದಾದ ಕೋಡ್) ಡೆವಲಪರ್‌ಗಳು, ಅವರಿಗೆ ಚೆನ್ನಾಗಿ ಗೊತ್ತಿರೋ ಪ್ರಾಜೆಕ್ಟುಗಳು, 246 ಕೆಲಸ. ಎಐ ಬಳಸಿದಾಗ 19% ಜಾಸ್ತಿ ಟೈಮ್ ಹಿಡೀತು, ಅವರಿಗೆ ಮಾತ್ರ 20% ಬೇಗ ಆಯ್ತು ಅನ್ನಿಸಿತ್ತು. ಆ ಟೂಲ್‌ಗಳು 2025ರ ಶುರುವಿನವು, ಎಲ್ಲರ ಕೆಲಸಕ್ಕೂ ಇದೇ ಲೆಕ್ಕ ಅನ್ನೋಕೆ ಬರಲ್ಲ. ಆದ್ರೆ ಬೇಗ ಆಯ್ತು ಅನ್ನಿಸೋದೇ ಬೇರೆ, ಆಗೋದೇ ಬೇರೆ ಅನ್ನೋದಕ್ಕೆ ಇಷ್ಟು ಸಾಕು. ನನ್ನ ಅನುಭವದಲ್ಲಿ ಗ್ರಾಫ್, ಫೈಲ್ ಓದೋದು, ಗೊತ್ತಿಲ್ಲದ ಲೈಬ್ರರಿ, ಇಂಥ ಕಡೆ ನಿಜವಾಗ್ಲೂ ಟೈಮ್ ಉಳಿಯುತ್ತೆ. 2025ರ ಫೆಬ್ರವರೀಲಿ ಎಐ ಸಂಶೋಧಕ ಆಂಡ್ರೇ ಕಾರ್ಪಥಿ ವೈಬ್ ಕೋಡಿಂಗ್ ಅಂತ ಹೆಸರಿಟ್ಟರಲ್ಲ, ಕೋಡ್ ನೋಡದೆ ಹೇಳಿ ಹೇಳಿ ಮಾಡಿಸೋದು, ಒಂದು ಸಲ ಬಳಸಿ ಬಿಸಾಕೋ ಪ್ರೋಗ್ರಾಮಿಗೆ ಅದೂ ನಡೆಯುತ್ತೆ. ಇನ್ನೊಬ್ಬರು ನಂಬೋ ಲೆಕ್ಕಕ್ಕೆ ನಡೆಯಲ್ಲ.

ಕಾಲೇಜಲ್ಲಿ ಇರೋರಿಗೆ ಒಂದು ಮಾತು, ಹಾಸನದ ಮಲ್ನಾಡ್ ಇಂಜಿನಿಯರಿಂಗ್ ಕಾಲೇಜಾಗಲಿ ಚಿಕ್ಕಮಗಳೂರಿನ ಆದಿಚುಂಚನಗಿರಿ ಇಂಜಿನಿಯರಿಂಗ್ ಕಾಲೇಜಾಗಲಿ. ಇಂಚು ಸೆಂಟನ್ನ ಮಿಲಿಮೀಟರ್ ಮಾಡೋ ಆ ಒಂದು ಫಂಕ್ಷನ್ ನೀವೇ ಬರೀರಿ, ಎಷ್ಟು ಹೊತ್ತಾದ್ರೂ ಸರಿ, ಆಮೇಲೆ ಎಐದನ್ನ ಪಕ್ಕದಲ್ಲಿಟ್ಟು ನೋಡಿ. ಎಐ ಕೊಟ್ಟ ಸಾಲಲ್ಲಿ ಯಾವುದನ್ನ ಪಕ್ಕದಲ್ಲಿ ಕೂತೋರಿಗೆ ಕನ್ನಡದಲ್ಲಿ ವಿವರಿಸೋಕೆ ಆಗಲ್ವೋ ಅದನ್ನ ಸಬ್ಮಿಟ್ ಮಾಡಬೇಡಿ. ಮಳೆಗಾಲದಲ್ಲಿ ಮಲೆನಾಡ ಕಡೆ ನೆಟ್ ಕೈ ಕೊಟ್ಟಾಗ ಒಲ್ಲಾಮಾ ಥರದ ಸಾಫ್ಟ್‌ವೇರ್ ಹಾಕ್ಕೊಂಡು ಸಣ್ಣ ಮಾಡೆಲ್ ಲ್ಯಾಪ್‌ಟಾಪಲ್ಲೇ ಓಡಿಸಬಹುದು, 16 ಜಿಬಿ ರ್ಯಾಮ್ ಇದ್ರೆ ಸಾಕು, ಆದ್ರೆ ಅದು ತಪ್ಪೋದು ಜಾಸ್ತಿ, ಟೆಸ್ಟ್ ಇಲ್ಲದೆ ನಂಬಬೇಡಿ.

ಕೊನೇ ಪರೀಕ್ಷೆ ಪುಸ್ತಕದಲ್ಲೇ ಇದೆ. ವರ್ಷದ ಕೊನೇಲಿ ತೋಟದವರು ಪೆನ್ನಲ್ಲಿ ಒಟ್ಟು ಮಳೆ ಬರೆದಿರ್ತಾರೆ, ಅಂಥ ಒಂದು ವರ್ಷ ತಗೊಂಡು ಪ್ರೋಗ್ರಾಂ ಓಡಿಸಿ ಹೊಂದುತ್ತಾ ನೋಡಿ. ಹೊಂದಲಿಲ್ಲ ಅಂದ್ರೆ ಯಾವ ತಿಂಗಳು, ಯಾವ ದಿನ ಅಂತ ಹುಡುಕ್ತಾ ಹೋಗಿ, ತಪ್ಪು ಕೋಡಲ್ಲೂ ಇರಬಹುದು, ಎಕ್ಸೆಲ್‌ಗೆ ಏರಿಸಿದಾಗ್ಲೂ ಆಗಿರಬಹುದು, ಪೆನ್ನಲ್ಲಿ ಕೂಡಿದ್ದೇ ತಪ್ಪಿರಬಹುದು. ಅದು ಯಾವುದು ಅಂತ ಪುಸ್ತಕದವರ ಜೊತೆ ಕೂತು ತೀರ್ಮಾನ ಮಾಡಿ, ನಿಯಮಗಳ ಆ ಕನ್ನಡ ಹಾಳೇನ ಕೋಡಿನ ಜೊತೇಲೇ ರೀಡ್‌ಮೀ ಫೈಲಾಗಿ, ಅಂದ್ರೆ ಪ್ರೋಗ್ರಾಂ ತೆಗೆದೋರು ಮೊದಲು ಓದೋ ಫೈಲಾಗಿ ಇಟ್ಟು ಕೊಡಿ.